ಹಳೆಯ ಒಡಲು, ಹೊಸ ಎಂಜಿನ್

ಅಮೆರಿಕದ ಮಿಶಿಗನ್, ವಿಸ್ಕಾನ್ಸಿನ್ ಕಡೆಯ ಸರೋವರದ ಊರುಗಳಲ್ಲಾಗಲಿ, ಫ್ಲಾರಿಡಾದ ಕಡಲ ಬದಿಯಲ್ಲಾಗಲಿ, ಮನೆಯ ಪಕ್ಕದಲ್ಲಿ ತಾಡಪಾಲು ಹೊದ್ದು ಟ್ರೇಲರ್ ಮೇಲೆ ಕೂತ ಹಳೆಯ ಪವರ್‌ಬೋಟ್ ಕಣ್ಣಿಗೆ ಬೀಳುವುದು ಅಪರೂಪವೇನಲ್ಲ. ಕೆಲವಕ್ಕೆ ‘ಮಾರಾಟಕ್ಕಿದೆ’ ಎಂಬ ಬೋರ್ಡು ಇರುತ್ತದೆ, ಕೆಲವಕ್ಕೆ ಅದೂ ಇಲ್ಲ. ಕೇಳಿದವರಿಗೆ ಪುಕ್ಕಟೆ ಕೊಟ್ಟು ಕೈತೊಳೆದುಕೊಳ್ಳಲು ಕಾದಿರುವ ಮಾಲೀಕರಿಗೂ ಬರವಿಲ್ಲ. ಇಂಥದ್ದನ್ನು ಮನೆಗೆ ಎಳೆದು ತಂದು, ಗ್ಯಾರೇಜಿನಲ್ಲೋ ಹಿತ್ತಲಲ್ಲೋ ನಿಲ್ಲಿಸಿ, ಬಿಚ್ಚಿ, ಕೊಯ್ದು, ಮತ್ತೆ ಕಟ್ಟಿ ನೀರಿಗಿಳಿಸುವ ಹವ್ಯಾಸಿಗಳ ದೊಡ್ಡ ಬಳಗವೇ ಅಲ್ಲಿದೆ. ಹಾಗೆ ಶುರುವಾದ ಕೆಲಸಗಳಲ್ಲಿ ನಡುವೆ ನಿಂತುಹೋದವೂ ಬೇಕಾದಷ್ಟಿವೆ. ಯಾವುದು ಮುಗಿಯುತ್ತದೆ, ಯಾವುದು ನಿಲ್ಲುತ್ತದೆ, ಹಳೆಯ ದೋಣಿಯನ್ನು ಇದ್ದಂತೆಯೇ ಉಳಿಸಬೇಕೋ ಬೇರೆಯದಾಗಿ ಮಾರ್ಪಡಿಸಬೇಕೋ ಎಂಬ ಪ್ರಶ್ನೆಗಳನ್ನು ಒಟ್ಟಿಗೇ ನೋಡುವುದು ಒಳ್ಳೆಯದು. ಏಕೆಂದರೆ ಇವೆಲ್ಲಕ್ಕೂ ಉತ್ತರ ಇರುವುದು ಒಂದೇ ಕಡೆ, ದೋಣಿಯ ಒಡಲಿನಲ್ಲಿ.

ಇಷ್ಟೊಂದು ಹಳೆಯ ದೋಣಿಗಳು ಉಳಿದುಕೊಂಡದ್ದು ಫೈಬರ್‌ಗ್ಲಾಸಿನ ಪ್ರಭಾವ. 1942ರಲ್ಲಿ ಒಹಾಯೋ ರಾಜ್ಯದ ಟೊಲೀಡೊದಲ್ಲಿ ರೇ ಗ್ರೀನ್ ಎಂಬಾತ ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳ ಸೇರಿಸಿ ಪುಟ್ಟ ಹಾಯಿದೋಣಿಯೊಂದನ್ನು ಮಾಡಿದ. ಯುದ್ಧ ಮುಗಿದ ಮೇಲೆ ಇದೇ ತಂತ್ರ ಕಾರ್ಖಾನೆ ಸೇರಿತು. 1958ರಲ್ಲಿ ಬಾಸ್ಟನ್ ವೇಲರ್‌ನ 13 ಅಡಿಯ ದೋಣಿ ಬಂತು. ಎರಡು ತೆಳು ಪದರಗಳ ನಡುವೆ ಫೋಮ್ ತುಂಬಿದ್ದ ಈ ದೋಣಿಯನ್ನು ನಡುವೆ ಗರಗಸದಿಂದ ಕೊಯ್ದರೂ ಎರಡೂ ತುಂಡು ತೇಲುತ್ತವೆಂಬುದನ್ನು 1961ರಲ್ಲಿ ‘ಲೈಫ್’ ಪತ್ರಿಕೆಯ ಚಿತ್ರಗಳು ಜಗತ್ತಿಗೆ ತೋರಿಸಿದವು. ಅದರ ಹಿಂದಿದ್ದ ವಿನ್ಯಾಸಕ ರೇ ಹಂಟ್‌ನದೇ ಇನ್ನೊಂದು ಕೈಚಳಕ ‘ಮೊಪ್ಪಿ’. ಆಳವಾದ ವಿ ಆಕಾರದ ತಳವಿದ್ದ ಈ ದೋಣಿ 1960ರ ಮಯಾಮಿ–ನಸ್ಸಾವ್ ಸ್ಪರ್ಧೆಯನ್ನು ಎದ್ದುನಿಂತ ಅಲೆಗಳ ನಡುವೆ ಗೆದ್ದಿತು. ಅದರ ಮಾಲೀಕ ರಿಚರ್ಡ್ ಬರ್ಟ್ರಮ್ ಆ ರೂಪವನ್ನೇ ಫೈಬರ್‌ಗ್ಲಾಸಿಗೆ ಇಳಿಸಿ ಮರುವರ್ಷ ‘ಬರ್ಟ್ರಮ್ 31’ ತಂದ. ಅರವತ್ತು ವರ್ಷ ದಾಟಿದರೂ ಅದರ ತಳದ ಆಕಾರ ಹಳತಾಗಿಲ್ಲ. ಇವತ್ತಿನ ಕಡಲ ದೋಣಿಗಳಲ್ಲಿ ಹೆಚ್ಚಿನವು ಅದರ ವಂಶಸ್ಥರೇ.

ಹಳೆಯ ಪವರ್‌ಬೋಟಿನಲ್ಲಿ ನಿಜಕ್ಕೂ ಬೆಲೆಬಾಳುವುದು ಈ ಆಕಾರ ಮಾತ್ರ. ಎಂಜಿನ್, ಸೀಟು, ವೈರು, ಟ್ಯಾಂಕು ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಒಳ್ಳೆಯ ಒಡಲು ಸಿಗುವುದಿಲ್ಲ. ಆದ್ದರಿಂದ ದೋಣಿ ನೋಡಲು ಹೋದವರು ಎಂಜಿನ್ ಚಾಲೂ ಆಗುತ್ತದೆಯೇ ಎಂದು ಮೊದಲು ಕೇಳುವುದನ್ನು ಕಂಡರೆ ನನಗೆ ಕಸಿವಿಸಿ. ಎಂಜಿನ್ ಚಾಲೂ ಆಗದೆ ಇದ್ದರೆ ಅದೃಷ್ಟ, ಬೆಲೆ ಇಳಿಯುತ್ತದೆ.

ಮೊದಲಿಗೆ ಮರದ ದೋಣಿಗಳ ಮಾತನ್ನು ಬೇರೆಯಾಗಿಯೇ ಹೇಳಿ ಮುಗಿಸಬೇಕು, ಅಲ್ಲಿ ನಿಯಮಗಳೇ ಬೇರೆ. ಮಿಶಿಗನ್ನಿನ ಆಲ್ಗೊನಾಕ್‌ನಲ್ಲಿ ಹುಟ್ಟಿದ ಕ್ರಿಸ್-ಕ್ರಾಫ್ಟ್, ಇಟಲಿಯ ಇಸೇಯೊ ಸರೋವರದ ದಡದ ರೀವಾ ಕಂಪನಿ 1962ರಲ್ಲಿ ತಂದ ‘ಅಕ್ವರಾಮಾ’ ಇಂಥವು ಮಹಾಗನಿಯ ಹೊಳಪಿನವು. ಇವನ್ನು ಉಳಿಸುವವರಿಗೆ ದಾಖಲೆ ಮುಖ್ಯ. 1975ರಲ್ಲಿ ಶುರುವಾದ ಪ್ರಾಚೀನ ದೋಣಿಗಳ ಅಮೆರಿಕದ ಸಂಘವು ತನ್ನ ಪ್ರದರ್ಶನಗಳಲ್ಲಿ ಮೂಲವಾಗಿಯೇ ಉಳಿದು ಬಂದದ್ದು, ದುರಸ್ತಿ ಕಂಡದ್ದು ಎಂದು ಎರಡು ಪಂಕ್ತಿ ಮಾಡಿ ಅಂಕ ಕೊಡುತ್ತದೆ. ಹಳೆಯ ಕ್ರಿಸ್-ಕ್ರಾಫ್ಟ್ ತಳಕ್ಕೆ ಎರಡು ಪದರ ಹಲಗೆ, ನಡುವೆ ಕ್ಯಾನ್ವಾಸ್. ವಸಂತದಲ್ಲಿ ನೀರಿಗಿಳಿಸಿ, ಹಲಗೆ ನೀರು ಕುಡಿದು ಊದಿ ಸಂದು ಮುಚ್ಚಿಕೊಳ್ಳುವ ತನಕ ಪಂಪು ಓಡಿಸುತ್ತ ಕಾಯಬೇಕು. ಈಗ ಬಹಳ ಜನ ಕ್ಯಾನ್ವಾಸ್ ತೆಗೆದು ‘5200’ ಎಂಬ ಪಾಲಿಯುರೆಥೇನ್ ಅಂಟಿನ ಮೇಲೆ ಹಲಗೆ ಕೂರಿಸಿಬಿಡುತ್ತಾರೆ. ನೀರು ಬರುವುದೂ ಇಲ್ಲ, ಊದಲು ಕಾಯುವುದೂ ಇಲ್ಲ. ಸಂಪ್ರದಾಯಸ್ಥರು ಮೂಗು ಮುರಿಯುತ್ತಾರೆ. ಪ್ರದರ್ಶನದ ಹುಲ್ಲುಹಾಸಿನ ಮೇಲೆ ನಿಲ್ಲುವ ದೋಣಿಗೆ ಅವರ ಮಾತು ಸರಿ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ದೋಣಿಗೆ ಅಂಟೇ ಸರಿ. ಎಂಜಿನ್ ವಿಚಾರದಲ್ಲಿ ಮಾತ್ರ ನಾನು ಸಂಪ್ರದಾಯಸ್ಥರ ಪಕ್ಷ. ಮೂಲದ ಹರ್ಕ್ಯುಲಿಸ್ ಎಂಜಿನ್ ಕಿತ್ತೆಸೆದು ಹೊಸ ವಿ-8 ಕೂರಿಸಿದರೆ ದೋಣಿಯ ಬೆಲೆ ಇಳಿಯುತ್ತದೆ. ಬದಲಿಸಲೇಬೇಕಿದ್ದರೆ ಹಳೆಯದನ್ನು ಗ್ರೀಸ್ ಬಳಿದು ಮೂಲೆಯಲ್ಲಿಟ್ಟು, ಅದರ ಆಧಾರದ ತೊಲೆಗಳನ್ನು ಮುಟ್ಟದೆ ಮಾಡಬೇಕು, ಮುಂದಿನ ಮಾಲೀಕ ಮತ್ತೆ ಕೂರಿಸಿಕೊಳ್ಳುವಂತಿರಬೇಕು.

ಇನ್ನು ಫೈಬರ್‌ಗ್ಲಾಸ್. ಹಳೆಯ ದೋಣಿಗಳ ಗೋಡೆ ದಪ್ಪ, ಆಗಿನವರು ಹೊಸ ವಸ್ತುವನ್ನು ನಂಬದೆ ಪದರದ ಮೇಲೆ ಪದರ ಹಾಕುತ್ತಿದ್ದರು, ಆದ್ದರಿಂದ ಅವು ಗಟ್ಟಿ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಗೋಡೆಯ ಮಟ್ಟಿಗೆ ಅದು ಬಹುಪಾಲು ನಿಜ. ಆದರೆ ಒಡಲಿನೊಳಗೆ ಇರುವುದು ಮರ. ಎಂಜಿನ್ ಭಾರ ಹೊರುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್, ಎರಡು ಗಾಜುನಾರಿನ ಪದರಗಳ ನಡುವೆ ಪ್ಲೈವುಡ್ ಇಟ್ಟು ಮಾಡಿದ್ದು. ತಳದ ಉದ್ದಕ್ಕೂ ಓಡುವ ಸ್ಟ್ರಿಂಗರ್ ತೊಲೆಗಳು ಮರಕ್ಕೆ ನಾರು ಹೊದಿಸಿದವು. ನೆಲವೂ ಪ್ಲೈವುಡ್ಡೇ. ಕಾರ್ಖಾನೆಯಲ್ಲೋ ಆಮೇಲಿನ ಮಾಲೀಕನ ಕೈಯಲ್ಲೋ ಈ ಪದರವನ್ನು ತೂರಿ ಹೋದ ಪ್ರತಿಯೊಂದು ಸ್ಕ್ರೂ ನೀರಿಗೆ ಬಾಗಿಲು. ಆಳ ಅಳೆಯುವ ಉಪಕರಣಕ್ಕೆಂದು ಹೊಡೆದ ನಾಲ್ಕು ಸ್ಕ್ರೂ, ಏಣಿಯ ಬೋಲ್ಟು, ನೀರು ಬಸಿಯುವ ತೂತಿನ ಹಿತ್ತಾಳೆ ಕೊಳವೆ ಇವೇ ಅಪರಾಧಿಗಳು.

ಇಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಮರ ಕೊಳೆಸುವುದು ಕಡಲ ನೀರಿಗಿಂತ ಮಳೆನೀರು. ಕೊಳೆ ಎಂದರೆ ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು, ಉಪ್ಪು ಆಗದು. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಹರಿದ ತಾಡಪಾಲಿನಡಿ, ಅರ್ಧ ಒಣಗಿ ಅರ್ಧ ನೆನೆದು ಹತ್ತು ವರ್ಷ ಅಂಗಳದಲ್ಲಿ ಕೂತ ದೋಣಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ‘ಹತ್ತು ವರ್ಷದಿಂದ ನೀರಿಗೇ ಇಳಿದಿಲ್ಲ’ ಎಂದು ಮಾರುವವನು ಹೊಗಳಿಕೆಯಾಗಿ ಹೇಳುವ ಮಾತು ಕೊಳ್ಳುವವನಿಗೆ ಎಚ್ಚರಿಕೆ.

ಪರೀಕ್ಷೆ ಸರಳ, ಆದರೆ ಮಾರುವವನ ಒಪ್ಪಿಗೆ ಬೇಕು. ಪ್ಲಾಸ್ಟಿಕ್ ಸುತ್ತಿಗೆಯಿಂದ ಟ್ರಾನ್ಸಮ್ಮನ್ನು ಅಡಿಯಿಂದ ಮುಡಿಯವರೆಗೆ ತಟ್ಟುತ್ತ ಬಂದರೆ ಗಟ್ಟಿ ಜಾಗದಲ್ಲಿ ಚುರುಕಾದ ಸದ್ದು, ಕೊಳೆತಲ್ಲಿ ಮಂದವಾದ ಸದ್ದು. ಅಷ್ಟಕ್ಕೇ ನಂಬಬಾರದು. ಒಳಗಡೆಯಿಂದ, ದೋಣಿಯ ಅಡಿಯಲ್ಲಿ ನೀರು ಸೇರುವ ಬಿಲ್ಜಿನ ತಳಕ್ಕೆ ಹತ್ತಿರ, ಹೊರಗಿನ ಪದರ ದಾಟದಂತೆ ಡ್ರಿಲ್ ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿಕೊಂಡು ಸಣ್ಣ ತೂತು ಹಾಕಬೇಕು. ಮೊದಲು ಗಾಜುನಾರಿನ ಬಿಳಿ ಪುಡಿ ಬರುತ್ತದೆ. ಆಮೇಲೆ ಮರ. ಹೊಂಬಣ್ಣದ ಒಣ ಸುರುಳಿ ಬಂದರೆ, ತಾಜಾ ಮರದ ವಾಸನೆ ಬಂದರೆ ಬಚಾವು. ಬಿಟ್ ತಡೆಯೇ ಇಲ್ಲದೆ ಸರ್ರನೆ ಒಳನುಗ್ಗಿ, ಸೋಸಿದ ಚಹಾಪುಡಿಯಂಥ ಕಪ್ಪು ಒದ್ದೆ ಹಿಟ್ಟು ಅದರ ಸುರುಳಿಗೆ ಮೆತ್ತಿಕೊಂಡು ಬಂದು, ತೂತಿನಿಂದ ಕಂದು ನೀರು ಜಿನುಗಿದರೆ ಆ ಟ್ರಾನ್ಸಮ್ ಇಲ್ಲವೆಂದೇ ಲೆಕ್ಕ. ಇಂಥ ನಾಲ್ಕಾರು ತೂತು ಸ್ಟ್ರಿಂಗರ್‌ಗಳಿಗೂ ಹಾಕಿ, ನೋಡಿ, ಎಪಾಕ್ಸಿ ತುಂಬಿ ಮುಚ್ಚಿದರೆ ಅರ್ಧ ಗಂಟೆಯಲ್ಲಿ ದೋಣಿಯ ಜಾತಕ ಕೈಗೆ ಬರುತ್ತದೆ.

ಇನ್ನೊಂದು ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ: ಲಾರಿ ತೂಗುವ ವೇಬ್ರಿಡ್ಜ್ ಮೇಲೆ ದೋಣಿ ಸಮೇತ ಟ್ರೇಲರ್ ನಿಲ್ಲಿಸಿ ತೂಗುವುದು. 20 ಅಡಿಗಿಂತ ಚಿಕ್ಕ ದೋಣಿಗಳು ಮುಳುಗದಂತಿರಬೇಕೆಂದು ಅಮೆರಿಕದ ಕಾನೂನು 1970ರ ದಶಕದಲ್ಲಿ ಕಡ್ಡಾಯ ಮಾಡಿತು. ಅದಕ್ಕಾಗಿ ನೆಲದಡಿ ಫೋಮ್ ತುಂಬಿದರು. ವರ್ಷಗಟ್ಟಲೆ ನೀರಿನಲ್ಲಿ ನೆನೆದರೆ ಆ ಫೋಮ್ ನೀರು ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ಒಂದು ಘನ ಅಡಿ ಫೋಮ್ ಪೂರ್ತಿ ನೆನೆದರೆ 28 ಕಿಲೋ ಹತ್ತಿರ. ಹಳೆಯ ವೇಲರ್ ಕೊಳ್ಳುವವರು ತೂಕದ ಮೇಲೆ ಕಣ್ಣಿಡುವುದು ಇದಕ್ಕೇ. ಒಡಲಿನ ಎರಡು ಪದರಗಳ ನಡುವೆ ನೀರು ಸೇರಿದರೆ ಅದನ್ನು ಹೊರತರುವ ಸುಲಭದ ದಾರಿಯಿಲ್ಲ. ಕಂಪನಿಯ ಹಳೆಯ ಕೈಪಿಡಿಯಲ್ಲಿ ಬರೆದ ತೂಕಕ್ಕೂ ವೇಬ್ರಿಡ್ಜ್ ಚೀಟಿಗೂ ಇರುವ ಅಂತರದಿಂದ ಟ್ರೇಲರ್, ಪೆಟ್ರೋಲು, ಸಾಮಾನು ಕಳೆದರೆ ಉಳಿಯುವುದು ಬಹುತೇಕ ನೀರು.

ಈ ನೀರು ವೇಗದಲ್ಲಿ ಎಷ್ಟು ತಿನ್ನುತ್ತದೆ ಎಂಬುದಕ್ಕೆ ಜಾರ್ಜ್ ಕ್ರೌಚ್ ಎಂಬ ವಿನ್ಯಾಸಕನ ಹೆಸರಿನ ಹಳೆಯ ಸೂತ್ರವೊಂದಿದೆ. ದೋಣಿಯ ತೂಕವನ್ನು ಪೌಂಡಿನಲ್ಲಿ ಹಿಡಿದು ಅಶ್ವಶಕ್ತಿಯಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆದು, ರನ್‌ಅಬೌಟ್ ಎನ್ನುವ ಸಾಧಾರಣ ಸಣ್ಣ ವಿಹಾರ ದೋಣಿಗೆ 180ನ್ನು ಅದರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಮೈಲಿ ಎಂಬುದು ಸಿಗುತ್ತದೆ. 4,000 ಪೌಂಡ್ ತೂಕದ ದೋಣಿಗೆ 160 ಅಶ್ವಶಕ್ತಿ ಇದ್ದರೆ 36 ಮೈಲಿ. ಅದೇ ದೋಣಿ 800 ಪೌಂಡ್ ನೀರು ಹೊತ್ತಿದ್ದರೆ 33 ಮೈಲಿಗೂ ತುಸು ಕಡಿಮೆ. ಮೂರು ಮೈಲಿ ಹೋದರೆ ಹೋಗಲಿ ಎನ್ನಬಹುದು. ಆದರೆ ನೀರಿನ ಮೇಲೆ ಎದ್ದು ಜಾರುವ ಹಂತಕ್ಕೆ ಏರುವಾಗ ಆ 800 ಪೌಂಡ್ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಬಹಳಷ್ಟು ಮಾಲೀಕರು ‘ಎಂಜಿನ್ ಮುದಿಯಾಯಿತು’ ಎಂದು ಹೊಸದು ತರುತ್ತಾರೆ, ಮುದಿಯಾದದ್ದು ಫೋಮ್.

ಕೊಯ್ಯುವ ಮೊದಲು ಆಧಾರ. ಇಡೀ ಕೆಲಸದಲ್ಲಿ ತಿದ್ದಲಾಗದ ತಪ್ಪು ಆಗುವುದು ಇಲ್ಲೇ, ಅದಕ್ಕಾಗಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಟ್ರೇಲರ್‌ನ ಎರಡು ಪಟ್ಟಿಗಳ ಮೇಲೆ ಕೂತ ದೋಣಿಯ ನೆಲ, ಸ್ಟ್ರಿಂಗರ್ ಎಲ್ಲ ಕಿತ್ತಾಗ ಉಳಿಯುವುದು ಬರೀ ತೆಳುವಾದ ತೊಟ್ಟಿ. ಆಧಾರವಿಲ್ಲದಲ್ಲಿ ಅದು ಜೋತುಬೀಳುತ್ತದೆ. ಆ ಭಂಗಿಯಲ್ಲೇ ಹೊಸ ತೊಲೆ ಕೂರಿಸಿ ರಾಳ ಹೊಯ್ದರೆ ಡೊಂಕು ಶಾಶ್ವತ. ಹಿಂಬದಿಯ ತಳದಲ್ಲಿ ಒಳಮುಖವಾಗಿ ಕಾಲಂಗುಲದಷ್ಟು ಬಾಗು ಬಂದರೂ ದೋಣಿ ವೇಗ ಪಡೆದಾಗ ಮೂಗು ಕೆಳಗೆ ಅದುಮುತ್ತದೆ, ತಿರುಗಿಸಿದಾಗ ಹಟ ಮಾಡುತ್ತದೆ. ಅರವತ್ತರ ದಶಕದ ವಿನ್ಯಾಸಕ ಕೊಟ್ಟ ಆಕಾರವೊಂದೇ ಬೆಲೆಬಾಳುವುದೆಂದು ಹೇಳಿದೆನಲ್ಲ, ಅದು ಹೋಯಿತು. ಹಾಗಾಗಿ ಒಡಲಿನ ಆಕಾರಕ್ಕೇ ಕತ್ತರಿಸಿದ ಪ್ಲೈವುಡ್ ಆಧಾರಗಳನ್ನು ಮೂರು ನಾಲ್ಕು ಕಡೆ ಕೊಟ್ಟು, ಎರಡೂ ಬದಿಯ ಅಂಚಿಗೆ ಅಡ್ಡಪಟ್ಟಿ ಬಿಗಿದು, ತಳಕ್ಕೆ ನೇರವಾದ ಕೋಲಿಟ್ಟು ನೋಡಿ, ನೀರುಮಟ್ಟದಲ್ಲಿ ಎರಡೂ ಬದಿ ಸಮ ಮಾಡಿಕೊಂಡ ಮೇಲಷ್ಟೇ ಗ್ರೈಂಡರ್ ಕೈಗೆತ್ತಿಕೊಳ್ಳಬೇಕು. ಸ್ಟ್ರಿಂಗರ್‌ಗಳನ್ನು ಒಂದೊಂದಾಗಿ ತೆಗೆದು ಒಂದೊಂದಾಗಿ ಕೂರಿಸಬೇಕು. ಹಳೆಯದರ ಎತ್ತರ, ಎಂಜಿನ್ ಕೂರುವ ಜಾಗ, ಟ್ರಾನ್ಸಮ್‌ನಿಂದ ದೂರ ಇವನ್ನೆಲ್ಲ ಕೊಯ್ಯುವ ಮೊದಲೇ ಬರೆದಿಡಬೇಕು, ಚಿತ್ರ ತೆಗೆದಿಡಬೇಕು.

ಹೊಸ ತೊಲೆಯನ್ನು ಒಡಲಿಗೆ ನೇರ ಒತ್ತಿ ಕೂರಿಸಬಾರದು. ಅದರ ಅಂಚು ತಾಗಿದ ಗೆರೆಯಲ್ಲಿ ತಳ ಬಾಗದೆ, ಪಕ್ಕದಲ್ಲಿ ಬಾಗಿ, ಅಲೆಯ ಹೊಡೆತಕ್ಕೆ ಅಲ್ಲೇ ಬಿರುಕು ಬಿಡುತ್ತದೆ. ಕೆಳಗೆ ಸ್ವಲ್ಪ ಜಾಗ ಬಿಟ್ಟು ಎಪಾಕ್ಸಿ ಗಾರೆ ತುಂಬಿ, ಎರಡೂ ಮೂಲೆಯನ್ನು ದುಂಡಗೆ ಒತ್ತಿ, ಅದರ ಮೇಲೆ ಬಟ್ಟೆ ಹಾಯಿಸಬೇಕು. ಟ್ರಾನ್ಸಮ್ ಬದಲಿಸಲು ಎರಡು ದಾರಿ: ಮೇಲಿನ ಡೆಕ್ ಎತ್ತಿ ಒಳಗಿನಿಂದ, ಇಲ್ಲವೇ ಹೊರಗಿನ ಪದರವನ್ನು ಸುತ್ತ ಅಂಚು ಬಿಟ್ಟು ಕೊಯ್ದು ಹೊರಗಿನಿಂದ. ಹೊರಗಿನಿಂದ ಮಾಡಿದರೆ ಕೆಲಸ ಸುಲಭ, ಬಣ್ಣ ಹಚ್ಚುವುದು ಕಷ್ಟ. ಕೊಯ್ದ ಅಂಚನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ ಹೊಸ ಪದರಗಳನ್ನು ಕೂಡಿಸಬೇಕು. 6 ಮಿಲಿಮೀಟರ್ ದಪ್ಪಕ್ಕೆ 72 ಮಿಲಿಮೀಟರ್ ಇಳಿಜಾರು. ಮರ್‌ಕ್ರೂಸರ್ ತರದ ಸ್ಟರ್ನ್‌ಡ್ರೈವ್, ಅಂದರೆ ಎಂಜಿನ್ ಒಳಗೆ, ಪ್ರೊಪೆಲ್ಲರ್ ಕಾಲು ಹೊರಗೆ ಇರುವ ವ್ಯವಸ್ಥೆಗೆ ಟ್ರಾನ್ಸಮ್ ದಪ್ಪ 51ರಿಂದ 57 ಮಿಲಿಮೀಟರ್ ನಡುವೆಯೇ ಇರಬೇಕು, ಒಳಮುಖ ಹೊರಮುಖ ಎರಡೂ ಸಮಾಂತರವಾಗಿರಬೇಕು. ‘ಗಟ್ಟಿಯಾಗಿರಲಿ’ ಎಂದು ಇನ್ನೊಂದು ಪದರ ಸೇರಿಸಿದವನ ಎಂಜಿನ್ ಕೂರುವುದಿಲ್ಲ.

ಮರದ ಜಾಗಕ್ಕೆ ಮರವನ್ನೇ ಹಾಕಬೇಕೇ? ಗಾಜುನಾರು ಸೇರಿಸಿದ ಫೋಮ್ ಹಲಗೆಗಳು ಈಗ ಸಿಗುತ್ತವೆ, ಕೊಳೆಯುವುದಿಲ್ಲ, ಹಗುರ, ಬೆಲೆ ಮಾತ್ರ ಪ್ಲೈವುಡ್ಡಿನ ಹಲವು ಪಟ್ಟು. ನನ್ನ ಅಭಿಪ್ರಾಯ ಕೇಳಿದರೆ, ಒಳ್ಳೆಯ ಮರೀನ್ ಪ್ಲೈವುಡ್ಡನ್ನು ಎಪಾಕ್ಸಿಯಲ್ಲಿ ನೆನೆಸಿ, ಆಮೇಲೆ ಕೊರೆಯುವ ಪ್ರತಿ ತೂತನ್ನೂ ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ ಅದರ ನಡುವೆ ಮತ್ತೆ ಕೊರೆದರೆ ಇನ್ನೊಂದು ಮೂವತ್ತು ವರ್ಷಕ್ಕೆ ಚಿಂತೆಯಿಲ್ಲ. ಕೊಳೆಸಿದ್ದು ಪ್ಲೈವುಡ್ ಅಲ್ಲ, ಮುಚ್ಚದೆ ಬಿಟ್ಟ ತೂತು.

ರಾಳದ ಆಯ್ಕೆಯ ಜಗಳ ಹಳೆಯದು. ಪಾಲಿಯೆಸ್ಟರ್ ಅಗ್ಗ, ಬೇಗ ಗಟ್ಟಿಯಾಗುತ್ತದೆ, ಮೇಲೆ ಜೆಲ್‌ಕೋಟ್ ಎಂಬ ಹೊಳಪಿನ ಹೊರಪದರ ಹಿಡಿಯುತ್ತದೆ. ಆದರೆ ಪೂರ್ತಿ ಗಟ್ಟಿಯಾದ ಹಳೆಯ ಪದರಕ್ಕೆ ಹೊಸದನ್ನು ಅಂಟಿಸುವ ದುರಸ್ತಿ ಕೆಲಸದಲ್ಲಿ ಎಪಾಕ್ಸಿಯ ಹಿಡಿತ ಅದಕ್ಕಿಲ್ಲ. ಮಿಶಿಗನ್ನಿನ ಬೇ ಸಿಟಿಯ ಗೂಜನ್ ಸಹೋದರರು 1969ರಿಂದ ದೋಣಿ ಕಟ್ಟುತ್ತ ರೂಪಿಸಿದ ‘ವೆಸ್ಟ್ ಸಿಸ್ಟಮ್’ ಎಪಾಕ್ಸಿ ಮನೆಯಲ್ಲಿ ಕೆಲಸ ಮಾಡುವವರಿಗೆ ವರವಾಯಿತು. ಐದು ಪಾಲು ರಾಳಕ್ಕೆ ಒಂದು ಪಾಲು ಗಟ್ಟಿಕಾರಕ. ಬೇಗ ಗಟ್ಟಿಯಾಗಲೆಂದು ಗಟ್ಟಿಕಾರಕ ಜಾಸ್ತಿ ಹಾಕಿದರೆ ಬೇಗ ಆಗುವುದಿಲ್ಲ, ಮೆತ್ತಗೆ ಅಂಟಂಟಾಗಿಯೇ ಉಳಿಯುತ್ತದೆ. ಪಾಲಿಯೆಸ್ಟರ್ ಅಭ್ಯಾಸವಿದ್ದವರು ಎಡವುವುದು ಇಲ್ಲೇ. ಕಲಸಿದ ರಾಳವನ್ನು ಆಳವಾದ ಡಬ್ಬಿಯಲ್ಲಿ ಬಿಟ್ಟರೆ ತನ್ನ ಬಿಸಿಗೆ ತಾನೇ ಕುದ್ದು ಹೊಗೆಯಾಡುತ್ತದೆ, ಅಗಲ ತಟ್ಟೆಗೆ ಸುರಿದುಕೊಳ್ಳಬೇಕು. ಗಟ್ಟಿಯಾದ ಮೇಲೆ ಮೇಲ್ಮೈಗೆ ಬರುವ ಜಿಡ್ಡನ್ನು ನೀರಿನಿಂದ ತೊಳೆಯದೆ ಉಜ್ಜಿದರೆ ಮುಂದಿನ ಪದರ ಹಿಡಿಯುವುದಿಲ್ಲ.

ಇದೆಲ್ಲ ರಾಳದ ಮಾತು. ಕೆಲಸದ ಬಹುಪಾಲು ಸಮಯ ಹೋಗುವುದು ರಾಳಕ್ಕಲ್ಲ, ಉಜ್ಜುವುದಕ್ಕೆ. ಗಾಜುನಾರಿನ ಪುಡಿ ಕತ್ತಿನ ಸುತ್ತ, ಮಣಿಕಟ್ಟಿನ ಬಳಿ ಚರ್ಮದೊಳಗೆ ಸೇರಿ ದಿನವಿಡೀ ತುರಿಸುತ್ತದೆ. ಬಿಸಿನೀರು ಸ್ನಾನ ಮಾಡಿದರೆ ಇನ್ನಷ್ಟು, ಮೊದಲು ತಣ್ಣೀರು. ಪಾಲಿಯೆಸ್ಟರ್ ರಾಳದಿಂದ ಏಳುವ ಸ್ಟೈರೀನ್ ಆವಿಗೂ ಧೂಳಿಗೂ ಒಟ್ಟಿಗೆ ತಡೆಯಾಗುವ ಮುಖವಾಡ ಬೇಕು, ಬಟ್ಟೆಯ ಮಾಸ್ಕ್ ಸಾಲದು. ಪಾಲಿಯೆಸ್ಟರ್ ಗಟ್ಟಿಯಾಗಿಸುವ ಪೆರಾಕ್ಸೈಡಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ನೆರೆಮನೆಯವರ ಕಾರಿನ ಮೇಲೆ ಬೀಳುವ ಬಿಳಿ ಪುಡಿಯಿಂದ ಹುಟ್ಟಿದ ಜಗಳಕ್ಕೆ ಕೆಲಸ ನಿಂತದ್ದೂ ಉಂಟು.

ಪೆಟ್ರೋಲ್ ಮತ್ತು ವಿದ್ಯುತ್ತಿನ ವಿಚಾರದಲ್ಲಿ ಹಳೆಯದೇನನ್ನೂ ಉಳಿಸಿಕೊಳ್ಳಬಾರದೆಂಬುದು ನನ್ನ ಖಚಿತ ನಿಲುವು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ರಸ್ತೆಗೆ ಇಳಿದು ಹೋಗುತ್ತದೆ, ದೋಣಿಯಲ್ಲಿ ತಳದ ಬಿಲ್ಜಿನಲ್ಲಿ ಕೂತು ಕಿಡಿಗಾಗಿ ಕಾಯುತ್ತದೆ. ಎಂಜಿನ್ ಚಾಲೂ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ ಓಡಿಸಬೇಕೆಂಬ ನಿಯಮ ಇರುವುದು ಇದಕ್ಕೇ. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್ ನೋಡಲು ದೋಣಿಯದರಂತೆಯೇ ಇರುತ್ತವೆ, ಅರ್ಧ ಬೆಲೆಗೂ ಸಿಗುತ್ತವೆ. ಆದರೆ ದೋಣಿಯದಕ್ಕೆ ಒಳಗಿನ ಕಿಡಿ ಹೊರಗಿನ ಆವಿಗೆ ತಗಲದಂಥ ಕವಚವಿದೆ, ಕಾರಿನದಕ್ಕೆ ಇಲ್ಲ. ಹಣ ಉಳಿಸಲು ಹೋಗಿ ದೋಣಿ ಸ್ಫೋಟಿಸಿದ ಪ್ರಕರಣಗಳ ಹಿಂದೆ ಇಂಥ ಭಾಗಗಳೂ ಇರುತ್ತವೆ. ನೆಲದಡಿ ಫೋಮಿನಲ್ಲಿ ಹೂತ ಅಲ್ಯೂಮಿನಿಯಂ ಟ್ಯಾಂಕು ಒದ್ದೆ ಫೋಮ್ ತಾಗಿದಲ್ಲಿ ತೂತಾಗುತ್ತದೆ. ಕೆಲವು ಹಳೆಯ ಬರ್ಟ್ರಮ್, ಹ್ಯಾಟರಸ್ ದೋಣಿಗಳ ಫೈಬರ್‌ಗ್ಲಾಸ್ ಟ್ಯಾಂಕುಗಳದು ಇನ್ನೊಂದು ಕತೆ. ಎರಡು ಸಾವಿರದ ದಶಕದಲ್ಲಿ ಪೆಟ್ರೋಲಿಗೆ ಎಥನಾಲ್ ಸೇರಿಸತೊಡಗಿದಾಗ ಅದು ಟ್ಯಾಂಕಿನ ರಾಳವನ್ನೇ ಕರಗಿಸಿ, ಆ ಕಪ್ಪು ಅಂಟು ಎಂಜಿನ್ ವಾಲ್ವುಗಳಿಗೆ ಮೆತ್ತಿ ಎಂಜಿನ್‌ಗಳೇ ಹಾಳಾದವು. ಮಿಶಿಗನ್ನಿನಂಥ ಚಳಿ ಪ್ರದೇಶದ ದೋಣಿಯಾದರೆ ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಬಿರುಕು ಹುಡುಕಬೇಕು; ಚಳಿಗಾಲಕ್ಕೆ ಮೊದಲು ನೀರು ಬಸಿಯದೆ ಬಿಟ್ಟ ಎಂಜಿನ್ ಒಂದೇ ರಾತ್ರಿಯ ಹಿಮಕ್ಕೆ ಸೀಳುತ್ತದೆ.

ಈಗ ಮಾರ್ಪಾಟು. ಅತಿ ಜನಪ್ರಿಯವಾದದ್ದು ಸ್ಟರ್ನ್‌ಡ್ರೈವ್ ಕಿತ್ತು ಔಟ್‌ಬೋರ್ಡ್, ಅಂದರೆ ಹಿಂಬದಿಯ ಹೊರಗೆ ತೂಗುಹಾಕುವ ಎಂಜಿನ್, ಹಾಕುವುದು. ವೋಲ್ವೊ ಪೆಂಟಾ 1959ರಲ್ಲಿ ತಂದ ಸ್ಟರ್ನ್‌ಡ್ರೈವ್ ಆ ಕಾಲಕ್ಕೆ ಜಾಣತನದ ಆವಿಷ್ಕಾರ. ಆದರೆ ರಬ್ಬರಿನ ಬೆಲ್ಲೋಸ್, ಬೇರಿಂಗು, ಉಪ್ಪುನೀರಿಗೆ ಒಳಗಿನಿಂದ ತುಕ್ಕು ಹಿಡಿಯುವ ಎರಕದ ಎಕ್ಸಾಸ್ಟ್ ಇವು ಮಾಲೀಕನನ್ನು ಬಿಡದೆ ಕಾಡುತ್ತವೆ. ಎಂಜಿನ್ ಹೋದರೆ ಒಳಗೆ ಜಾಗವೂ ಸಿಗುತ್ತದೆ. ತೂಕದ ಲೆಕ್ಕ ನೋಡಿ: ವಿ-8 ಎಂಜಿನ್ ಮತ್ತು ಡ್ರೈವ್ ಸೇರಿ ಸುಮಾರು 430 ಕಿಲೋ, 200 ಅಶ್ವಶಕ್ತಿಯ ಹೊಸ ಔಟ್‌ಬೋರ್ಡ್ ಸುಮಾರು 215 ಕಿಲೋ. ಅರ್ಧ ಉಳಿಯಿತೆಂದು ಹಿಗ್ಗುವ ಮೊದಲು ಅದು ಎಲ್ಲಿ ಕೂರುತ್ತದೆ ಎಂದು ಕೇಳಬೇಕು. ಮುಂಚೆ ಭಾರ ಟ್ರಾನ್ಸಮ್ಮಿಗಿಂತ ಮೂರು ಅಡಿ ಮುಂದಿತ್ತು, ಈಗ ಬ್ರಾಕೆಟ್ ಮೇಲೆ ಎರಡು ಅಡಿ ಹಿಂದೆ ನೇತಾಡುತ್ತಿದೆ. ಹಿಂಭಾಗ ಕುಸಿಯುತ್ತದೆ, ಮೂಗು ಆಕಾಶ ನೋಡುತ್ತದೆ. ಟ್ರಾನ್ಸಮ್ಮಿಗೂ ಹೊಸ ಬಗೆಯ ಎಳೆತ. ಬ್ಯಾಟರಿ, ಟ್ಯಾಂಕುಗಳನ್ನು ಮುಂದಕ್ಕೆ ತಂದು, ಗಾಳಿ ತುಂಬಿದ ತೇಲುವ ಬ್ರಾಕೆಟ್ ಆರಿಸಿ, ಟ್ರಾನ್ಸಮ್‌ನಿಂದ ಸ್ಟ್ರಿಂಗರ್‌ವರೆಗೆ ಮೊಣಕಾಲಿನಂಥ ಆಧಾರ ಕೊಟ್ಟವರ ದೋಣಿಗಳು ಚೆನ್ನಾಗಿ ಓಡುತ್ತವೆ. ಹಳೆಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಬದಲಿಗೆ ಅದೇ ಶಕ್ತಿಯ ಫೋರ್-ಸ್ಟ್ರೋಕ್ ಹಾಕುವಾಗಲೂ ಹೆಚ್ಚಿನ ಕಿಲೋಗಳಿಗೆ ಇದೇ ಲೆಕ್ಕ. 1972ರ ನವೆಂಬರ್ ನಂತರದ ಚಿಕ್ಕ ದೋಣಿಗಳಲ್ಲಿ ಗರಿಷ್ಠ ಅಶ್ವಶಕ್ತಿಯ ಫಲಕ ಇರುತ್ತದೆ. ಅದನ್ನು ಮೀರಿದರೆ ವಿಮೆ ಕಂಪನಿ ಮೊದಲು ನೋಡುವುದು ಅದನ್ನೇ.

ಪೆಟ್ರೋಲಿನಿಂದ ಡೀಸೆಲ್‌ಗೆ ಹೋಗುವುದು ಬರ್ಟ್ರಮ್ 31ರಂಥ ದೊಡ್ಡ ಒಡಲಿಗಷ್ಟೇ ಹೊಂದುತ್ತದೆ. ಅಲ್ಲಿ ಭಾರ ಹೊರುವ ತಾಕತ್ತೂ ಇದೆ, ಸ್ಫೋಟದ ಭಯವೂ ಕಡಿಮೆಯಾಗುತ್ತದೆ. ಚಿಕ್ಕ ದೋಣಿಗೆ ಡೀಸೆಲ್ ಹಾಕುವುದು ತೂಕಕ್ಕೂ ದುಡ್ಡಿಗೂ ದಂಡ.

ಎಂಜಿನ್ ಮಾರ್ಪಾಟು ಹವ್ಯಾಸವಾಗಿರದೆ ಹೊಟ್ಟೆಪಾಡಾಗಿರುವ ಕಡೆಯೂ ಇದೆ, ನಮ್ಮ ಕರಾವಳಿ. ಹುಟ್ಟು, ಹಾಯಿಗಳಿಂದ ನಡೆಯುತ್ತಿದ್ದ ನಾಡದೋಣಿಗಳಿಗೆ ಔಟ್‌ಬೋರ್ಡ್ ಬಂತು. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್‌ಗಳು ದಶಕಗಟ್ಟಲೆ ಆ ದೋಣಿಗಳನ್ನು ಓಡಿಸಿದವು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅಗ್ಗದ ರಬ್ಬರ್ ಮರಕ್ಕೆ ಫೈಬರ್‌ಗ್ಲಾಸ್ ಹೊದಿಸಿ ಮೀನುಗಾರಿಕೆಯ ದೋಣಿ ಮಾಡುವ ಪ್ರಯೋಗ ನಡೆಸಿತು. ಮಿಶಿಗನ್ನಿನ ನಿವೃತ್ತ ಎಂಜಿನಿಯರ್ ಪುಸ್ತಕ ನೋಡಿ ಕಲಿಯುವ ಪದರ ಹಾಕುವ ಕೆಲಸ ನಮ್ಮ ಕಡಲಂಚಿನಲ್ಲಿ ಮೀನುಗಾರನ ದಿನನಿತ್ಯದ ರಿಪೇರಿ. ವ್ಯತ್ಯಾಸವೆಂದರೆ, ಇಲ್ಲಿ ಮುಖವಾಡ ಹಾಕಿಕೊಳ್ಳುವವರು ಕಡಿಮೆ.

ಈಗಿನ ಹುಮ್ಮಸ್ಸು ವಿದ್ಯುತ್ತಿನದು. ಹೊಸದೇನಲ್ಲ, 1893ರ ಶಿಕಾಗೊ ವಿಶ್ವಮೇಳದಲ್ಲಿ 55 ವಿದ್ಯುತ್ ದೋಣಿಗಳು ಜನರನ್ನು ಸಾಗಿಸಿದ್ದವು, ಬವೇರಿಯಾದ ಕ್ಯೋನಿಗ್‌ಸೀ ಸರೋವರದಲ್ಲಿ 1909ರಿಂದ ಓಡುತ್ತಿರುವುದು ವಿದ್ಯುತ್ ದೋಣಿಗಳೇ. ಆದರೆ ಹಳೆಯ ಪವರ್‌ಬೋಟಿಗೆ ಇದನ್ನು ಹಾಕುವವರು ಒಂದು ಲೆಕ್ಕ ಮಾಡಿಕೊಳ್ಳಬೇಕು. 100 ಲೀಟರ್ ಪೆಟ್ರೋಲ್ ತೂಗುವುದು 75 ಕಿಲೋ. ಅದರಲ್ಲಿ ಸುಮಾರು 900 ಯೂನಿಟ್ ಶಾಖ ಇದೆ. ಎಂಜಿನ್ ಮುಕ್ಕಾಲು ಪಾಲು ಹಾಳು ಮಾಡಿದರೂ 200 ಯೂನಿಟ್‌ಗೂ ಹೆಚ್ಚು ಪ್ರೊಪೆಲ್ಲರಿಗೆ ಸಿಗುತ್ತದೆ. ಅಷ್ಟನ್ನು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಹಿಡಿದಿಡಲು ಒಂದೂವರೆ ಟನ್‌ಗೂ ಹೆಚ್ಚು ಬೇಕು, ಬ್ಯಾಟರಿಯೇ ಹೆಚ್ಚುಕಡಿಮೆ ದೋಣಿಯಷ್ಟು ಭಾರ. ಅಂದರೆ ದಿನವಿಡೀ ನೀರಿನ ಮೇಲೆ ಜಾರುತ್ತ ಓಡುವ ಆಸೆ ಬಿಡಬೇಕು. ಬಿಟ್ಟವರಿಗೆ ಬಾಗಿಲು ತೆರೆಯುತ್ತದೆ. ನೀರಿನಲ್ಲಿ ಮುಳುಗಿದ ಉದ್ದ 18 ಅಡಿಯಿದ್ದರೆ ಸರಾಗವಾಗಿ ಹೋಗುವ ವೇಗದ ಮಿತಿ ಗಂಟೆಗೆ ಸುಮಾರು ಹತ್ತೂವರೆ ಕಿಲೋಮೀಟರ್. ಅದಕ್ಕಿಂತ ಸ್ವಲ್ಪ ಕೆಳಗೆ ಓಡಿಸಿದರೆ ಮೂರು ನಾಲ್ಕು ಕಿಲೋವ್ಯಾಟ್ ಸಾಕು. 20 ಯೂನಿಟ್ ಬ್ಯಾಟರಿಯಲ್ಲಿ ಐದು ಗಂಟೆ, ತೂಕ 170 ಕಿಲೋ ಆಸುಪಾಸು, ತೆಗೆದ ಎಂಜಿನ್ನಿನ ಅರ್ಧಕ್ಕಿಂತ ಕಡಿಮೆ.

ಇಲ್ಲೂ ಒಡಲಿನ ಆಕಾರವೇ ಕೊನೆಯ ಮಾತು. ವೇಗಕ್ಕೆಂದು ಮಾಡಿದ ಅಗಲ ಹಿಂಬದಿಯ, ಆಳ ವಿ ತಳದ ದೋಣಿ ನಿಧಾನವಾಗಿ ಹೋಗುವಾಗ ಆ ಅಗಲವಾದ ಟ್ರಾನ್ಸಮ್ಮಿನ ಹಿಂದೆ ನೀರನ್ನು ಎಳೆದುಕೊಂಡೇ ಸಾಗುತ್ತದೆ, ಅಡ್ಡಾದಿಡ್ಡಿ ಅಲೆಯುತ್ತದೆ. ಹಳೆಯ ಕಿರಿದಾದ, ದುಂಡು ತಳದ ಲಾಂಚುಗಳು ವಿದ್ಯುತ್ತಿಗೆ ಹೇಳಿ ಮಾಡಿಸಿದವು. ಬರ್ಟ್ರಮ್‌ಗೆ ವಿದ್ಯುತ್ ಮೋಟಾರು ಹಾಕುವುದು ಅದರ ವಿನ್ಯಾಸಕ್ಕೇ ಬೆನ್ನು ತಿರುಗಿಸಿದಂತೆ. ಜಖಂಗೊಂಡ ವಿದ್ಯುತ್ ಕಾರುಗಳ ಬ್ಯಾಟರಿ ಅಗ್ಗವೆಂದು ತಂದು ಜೋಡಿಸುವವರೂ ಇದ್ದಾರೆ. ಬಿಸಿಯೇರಿದರೆ ಆರಿಸಲಾಗದಂತೆ ಉರಿಯುವ ಆ ಪೆಟ್ಟಿಗೆಯನ್ನು ಮಲಗುವ ಕ್ಯಾಬಿನ್ನಿನ ಕೆಳಗೆ ಇಡುವುದನ್ನು ನಾನಂತೂ ಒಪ್ಪಲಾರೆ. ಅಮೆರಿಕದ ದೋಣಿ ಮಾನದಂಡ ಸಂಸ್ಥೆ ಲಿಥಿಯಂ ಬ್ಯಾಟರಿಗೆಂದೇ ಇ-13 ಎಂಬ ಪ್ರತ್ಯೇಕ ನಿಯಮಾವಳಿ ಮಾಡಿದೆ, ಕೆಲಸ ಶುರು ಮಾಡುವ ಮೊದಲು ಅದನ್ನು ಓದಬೇಕು.

ಕ್ಯಾಬಿನ್ ಕೊಯ್ದು ಬಯಲು ದೋಣಿ ಮಾಡುವುದು, ಬಯಲು ದೋಣಿಗೆ ಮನೆ ಕಟ್ಟುವುದು ಇವೂ ನಡೆಯುತ್ತವೆ. ಡೆಕ್ ಕೂಡ ಒಡಲಿನ ಬಿಗಿಗೆ ಕಾರಣ ಎಂಬುದನ್ನು ಮರೆತು ಕೊಯ್ದರೆ ಒಡಲು ತಿರುಚುತ್ತದೆ; ಎತ್ತರಕ್ಕೆ ಕಟ್ಟಿದರೆ ವಾಲುತ್ತದೆ. ಇಷ್ಟು ಸಾಕು.

ಕೊನೆಗೆ ದುಡ್ಡು. ಮನೆಯಲ್ಲಿ ಮಾಡಿದ ಜೀರ್ಣೋದ್ಧಾರದ ಖರ್ಚು ಮಾರಾಟದ ಬೆಲೆಯನ್ನು ಮೀರುವುದೇ ಹೆಚ್ಚು, ಸ್ವಂತ ದುಡಿಮೆಯನ್ನು ಸೊನ್ನೆಗೆ ಹಿಡಿದರೂ. ಬರ್ಟ್ರಮ್, ವೇಲರ್, ಮಹಾಗನಿಯ ರೀವಾ ತರದ ಹೆಸರುವಾಸಿ ಒಡಲುಗಳಷ್ಟೇ ಇದಕ್ಕೆ ಹೊರತು. ಉತ್ತರದ ರಾಜ್ಯಗಳಲ್ಲಿ ಚಳಿಯೂ ಒಂದು ಖರ್ಚು. ಬೆಚ್ಚಗಿನ ಗ್ಯಾರೇಜು ಇಲ್ಲದವರಿಗೆ ರಾಳ ಗಟ್ಟಿಯಾಗುವ ತಿಂಗಳುಗಳೂ ದೋಣಿ ಓಡಿಸುವ ತಿಂಗಳುಗಳೂ ಒಂದೇ. ಮೂರು ಬೇಸಿಗೆ ಉಜ್ಜುತ್ತಲೇ ಕಳೆದ ಮೇಲೆ ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಸಿಗದೆ ದೋಣಿ ಮಾರಾಟಕ್ಕೆ ಬರುತ್ತದೆ. ಸ್ಟ್ರಿಂಗರ್ ಕಿತ್ತು, ಆಧಾರವಿಲ್ಲದೆ ಟ್ರೇಲರ್ ಮೇಲೆ ಒಂದು ಚಳಿಗಾಲ ಕಳೆದ ಇಂಥ ಅರ್ಧ ಕೆಲಸವನ್ನು ಪುಕ್ಕಟೆ ಕೊಟ್ಟರೂ ಮುಟ್ಟಬಾರದು.

ಹಾಗಾದರೆ ಉಳಿಸಲಾಗದ್ದನ್ನು ಏನು ಮಾಡುವುದು? ಗಾಜುನಾರು ಮತ್ತು ರಾಳವನ್ನು ಬೇರ್ಪಡಿಸಿ ಕರಗಿಸುವ ಅಗ್ಗದ ದಾರಿ ಇಲ್ಲ. ಫ್ರಾನ್ಸಿನಲ್ಲಿ 2019ರಿಂದ ಹಳೆಯ ವಿಹಾರ ದೋಣಿಗಳನ್ನು ಬಿಚ್ಚಿ ವಿಲೇವಾರಿ ಮಾಡುವ ವ್ಯವಸ್ಥೆಯಿದೆ, ತಯಾರಕರೂ ಅದಕ್ಕೆ ಹಣ ಕೊಡುತ್ತಾರೆ. ಅಮೆರಿಕದ ರೋಡ್ ಐಲೆಂಡಿನಲ್ಲಿ ಒಡಲನ್ನು ಚೂರು ಮಾಡಿ ಸಿಮೆಂಟ್ ಗೂಡಿನಲ್ಲಿ ಇಂಧನವಾಗಿಯೂ ಕಚ್ಚಾವಸ್ತುವಾಗಿಯೂ ಬಳಸುವ ಪ್ರಯೋಗ ನಡೆದಿದೆ. ಉಳಿದೆಡೆ ಗರಗಸದಿಂದ ಕೊಯ್ದು ಕಸದ ಗುಂಡಿಗೆ ಸಾಗಿಸುವುದೇ ವಾಡಿಕೆ, ಅದಕ್ಕೂ ತೂಕದ ಮೇಲೆ ಶುಲ್ಕ. ಕೊಯ್ಯುವ ಮೊದಲು ಕಂಚಿನ ಕ್ಲೀಟು, ಸ್ಟೀಲಿನ ಕಂಬಿ, ವಿಂಡ್‌ಶೀಲ್ಡಿನ ಚೌಕಟ್ಟು, ಹ್ಯಾಚ್ ಮುಚ್ಚಳ ಬಿಚ್ಚಿಟ್ಟುಕೊಳ್ಳಬೇಕು. ಆ ಮಾದರಿ ತಯಾರಾಗುವುದು ನಿಂತು ನಲವತ್ತು ವರ್ಷವಾಗಿದ್ದರೆ ಅದೇ ಚೌಕಟ್ಟಿಗಾಗಿ ಹುಡುಕುತ್ತಿರುವವರು ಇದ್ದೇ ಇರುತ್ತಾರೆ, ಪೂರ್ತಿ ದೋಣಿಗೆ ಕೊಡದ ಬೆಲೆಯನ್ನು ಅದೊಂದಕ್ಕೇ ಕೊಡುತ್ತಾರೆ.